ಅಮ್ಮ ನಡೆಸಿದ ತಪಾಸಣೆ

ಅಮ್ಮನನ್ನು ವೃದ್ಧಾಶ್ರಮಕ್ಕೆ ಹಾಕಿದವಳು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುವವರಿಗೆಲ್ಲ ಒಂದೇ ಸಲ ಹೇಳಿಬಿಡುತ್ತೇನೆ: ನಾನು ಹಾಕಲಿಲ್ಲ. ನನ್ನ ಅಮ್ಮನನ್ನು ಎಲ್ಲಿಗಾದರೂ ಹಾಕುವ ಧೈರ್ಯ ಮಂಗಳೂರಿನಲ್ಲಿ ಯಾರಿಗೂ ಇಲ್ಲ. ಹೆಂಗಸರ ವಾರ್ಡಿನ ಇನ್‌ಚಾರ್ಜ್ ನರ್ಸ್ ಆಗಿ ದುಡಿದವಳು ಅವಳು. ಅವಳ ವಾರ್ಡಿಗೆ ದೊಡ್ಡ ಡಾಕ್ಟರುಗಳೂ ಬೂಟಿನ ಸದ್ದು ಮಾಡದೆ ಬರುತ್ತಿದ್ದರಂತೆ. ಇದನ್ನು ಹೇಳಿದ್ದು ಅವಳೇ, ಹಾಗಾಗಿ ಅರ್ಧದಷ್ಟು ನಂಬಿದರೆ ಸಾಕು.

ಲಕ್ವ ಹೊಡೆದ ಮೇಲೆ ಎಡಗೈ, ಎಡಗಾಲು ಸೋತವು. ಮಾತು, ಬಲಗೈ ಮತ್ತು ಜೋರು ಉಳಿದವು. ಅಣ್ಣ ದುಬಾಯಿಯಲ್ಲಿ, ಮನೆಯಲ್ಲಿ ನಾವಿಬ್ಬರೇ. ನಾನು ಶಾಲೆಗೆ ಪಾಠ ಮಾಡಲು ಹೋದಾಗ ನೋಡಿಕೊಳ್ಳಲೆಂದು ಬಂದ ಮೂವರು ಹೋಮ್ ನರ್ಸುಗಳನ್ನು ಅಮ್ಮ ಬೈದು ಓಡಿಸಿದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು, ಇಬ್ಬರೂ ಬಿದ್ದೆವು. ಒದ್ದೆ ನೆಲದ ಮೇಲೆ ಮಲಗಿಯೇ ಅಮ್ಮ ಹೇಳಿದಳು, "ಇನ್ನು ಸಾಕು. ನನ್ನ ಜಾಗ ನಾನೇ ನೋಡ್ತೇನೆ, ಬುದ್ಧಿ ಸರಿ ಇರುವಾಗಲೇ. ಆಮೇಲೆ ನೀವು ಮಕ್ಕಳು ನನ್ನನ್ನು ಎಲ್ಲಿಗೋ ತಳ್ಳುವುದು ಬೇಡ."

ಅಣ್ಣ ಫೋನಿನಲ್ಲಿ ಮೊದಲು ಕೂಗಾಡಿದ, ಜನ ಎಂತ ಹೇಳ್ತಾರೆ ಅಂತ. ಆಮೇಲೆ ತಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ, ಇದೇ ಆಗಬೇಕು ಎಂದು ಒಂದು ಓಲ್ಡ್ ಏಜ್ ಹೋಮಿನ ಚಿತ್ರ ಕಳಿಸಿದ. ಜನ ಹೇಳಿದ್ದಂತೂ ಹೇಳಿಯೇ ಹೇಳಿದರು. ಆದಿತ್ಯವಾರ ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿದ ಮೇಲೆ ದೂರದ ಸಂಬಂಧದ ಒಬ್ಬರು ಆಂಟಿ ನನ್ನ ಕೈ ಹಿಡಿದು, "ಮಗಳು ಮನೆಯಲ್ಲೇ ಇದ್ದೂ ಹೀಗಾ?" ಎಂದು ಕಣ್ಣೊರೆಸಿಕೊಂಡರು. "ನಾಳೆಯಿಂದ ಬೆಳಿಗ್ಗೆ ಆರು ಗಂಟೆಗೆ ಬನ್ನಿ ಆಂಟಿ. ಎತ್ತಲಿಕ್ಕೆ ಇನ್ನೊಬ್ಬರು ಬೇಕು," ಎಂದೆ. ಅವರಿಗೆ ಮಂಡಿ ನೋವಂತೆ. ಅಳಲಿಕ್ಕೆ ಮಂಡಿ ಬೇಡವಲ್ಲ.

ಅಣ್ಣ ಆರಿಸಿದ ಹೋಮ್ ನಂತೂರು ದಾಟಿ ಸ್ವಲ್ಪ ಮುಂದೆ. ಲಾರಿಗಳ ನಡುವೆ ಮುಕ್ಕಾಲು ಗಂಟೆ ಸಿಕ್ಕಿಬಿದ್ದು ಹೋದೆವು. ಕನ್ನಡಿಯಂಥ ನೆಲ, ಮೀನಿನ ತೊಟ್ಟಿ, ಟೈ ಕಟ್ಟಿದ ಮ್ಯಾನೇಜರ್. ಅವರು ಊಟದ ಪಟ್ಟಿ ಓದುತ್ತಿರುವಾಗಲೇ ಅಮ್ಮ ನನ್ನಿಂದ ಗಾಲಿಕುರ್ಚಿ ತಳ್ಳಿಸಿಕೊಂಡು ಒಳಗೆ ಹೋಗಿ, ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಕಾಲ ಕಡೆಯ ಹೊದಿಕೆ ಎತ್ತಿದಳು. ಹಿಮ್ಮಡಿ ಕಪ್ಪುಗೆಂಪಾಗಿತ್ತು. ಹೆಬ್ಬೆರಳಿನಿಂದ ಒತ್ತಿದಳು, ಬಣ್ಣ ಬದಲಾಗಲಿಲ್ಲ. "ಹೋಗುವ," ಎಂದಳು.

ಕಾರಿನಲ್ಲಿ ಪಾಠವಾಯಿತು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ತಿರುಗಿಸದಿದ್ದರೆ ಹಿಮ್ಮಡಿಯಲ್ಲೂ ಸೊಂಟದ ಕೆಳಗೂ ಹುಣ್ಣು ಶುರುವಾಗುತ್ತದೆ. "ಮ್ಯಾನೇಜರ್ ಸುಳ್ಳು ಹೇಳಬಹುದು, ಹಿಮ್ಮಡಿ ಹೇಳುವುದಿಲ್ಲ." ತನಗೂ ಅಂಥ ದಿನ ಬರುತ್ತದೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ಎರಡನೆಯ ಕಡೆ ಹಾಲ್‌ನಿಂದ ಒಳಗೆ ಬಿಡಲಿಲ್ಲ. ಅಮ್ಮ ಅವರು ಕೊಟ್ಟ ಚಹಾ ಕುಡಿದು, ಚಹಾ ಚೆನ್ನಾಗಿದೆ ಎಂದು ಹೇಳಿ, ಹೊರಟೇಬಿಟ್ಟಳು.

ಮೂರನೆಯದು ಕಾಟಿಪಳ್ಳದ ಹತ್ತಿರ, ಒಂದು ಹಳೇ ಹೆಂಚಿನ ಮನೆ. ಗೋಡೆಯ ಬಣ್ಣ ಎದ್ದಿತ್ತು, ಮನೆಯಿಡೀ ಬಂಗುಡೆ ಮೀನು ಹುರಿದ ವಾಸನೆ. ಅಮ್ಮ ನೇರ ಮೊದಲ ಹಾಸಿಗೆಗೆ ಹೋಗಿ ಹೊದಿಕೆಗೆ ಕೈ ಹಾಕಿದಳು. ಗಂಜಿಯ ಬಟ್ಟಲು ಹಿಡಿದು ಬರುತ್ತಿದ್ದ ಆಯಾ ಅಲ್ಲಿಂದಲೇ ಗದರಿದಳು.

"ಎಂತ ಮಾರಾಯ್ರೆ! ಅವರ ಹತ್ರ ಕೇಳಿದ್ರಾ ನೀವು? ಅವರಿಗೆ ಮಾತು ಬರುವುದಿಲ್ಲ, ಕಿವಿ ಕೇಳ್ತದೆ."

ನಾನು ಗಾಲಿಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವಾರ್ಡಿನಲ್ಲಿ ಅಮ್ಮನನ್ನು ಗದರುವವರು ಅದುವರೆಗೆ ಹುಟ್ಟಿರಲಿಲ್ಲ. ಅಮ್ಮ ಹೊದಿಕೆ ಬಿಟ್ಟಳು. ಆಯಾಳ ಮುಖ ನೋಡಿದಳು, ಆಮೇಲೆ ಹಾಸಿಗೆಯಲ್ಲಿದ್ದವರ ಮುಖ ನೋಡಿದಳು. ಮುಖ ನೋಡಿದ್ದು ಅದೇ ಮೊದಲು, ಮೂರು ಹೋಮುಗಳಲ್ಲಿ. ನಾನೂ ನೋಡಿರಲಿಲ್ಲ.

"ತಪ್ಪಾಯ್ತು. ನಿಮ್ಮ ಕಾಲು ಒಮ್ಮೆ ನೋಡಬಹುದಾ?"

ಆ ಹೆಂಗಸು ತುಂಬ ಹೊತ್ತು ತೆಗೆದುಕೊಂಡು ತಲೆಯಾಡಿಸಿದರು. ಹಿಮ್ಮಡಿ ಮಗುವಿನದಷ್ಟು ಮೆತ್ತಗಿತ್ತು.

ಕಾರು ಪಣಂಬೂರಿಗೆ ಬಂದಾಗ ಅಮ್ಮ ಹೇಳಿದಳು, "ಎಷ್ಟು ಸಾವಿರ ಜನರ ಹೊದಿಕೆ ಎತ್ತಿದ್ದೇನೋ. ಒಬ್ಬರ ಹತ್ರವೂ ಕೇಳಲಿಲ್ಲ ನಾನು." ಮತ್ತೆ, "ನನಗೆ ಅಲ್ಲಿಯೇ ಆಗಬಹುದು. ಆ ಆಯಾ ನನ್ನ ಪರವಾಗಿಯೂ ಜಗಳ ಮಾಡ್ತಾಳೆ," ಎಂದಳು.

ನಾನು ಕಳಿಸಿದ ಚಿತ್ರ ನೋಡಿ ಅಣ್ಣ ರಾತ್ರಿಯೇ ಫೋನ್ ಮಾಡಿದ. ಗೋಡೆ ನೋಡಿದ್ದೀಯಾ, ನೆಂಟರು ನೋಡಲು ಬಂದರೆ ನಮ್ಮ ಮರ್ಯಾದೆ ಎಂತ? "ಅಲ್ಲಿ ಮಲಗುವುದು ಅಮ್ಮ, ನಮ್ಮ ಮರ್ಯಾದೆ ಅಲ್ಲ," ಎಂದು ಫೋನಿಟ್ಟೆ. ಅಣ್ಣನಿಗೆ ಹಾಗೆ ಎದುರು ಮಾತಾಡಿದ್ದು ಮೊದಲ ಸಲ. ಪಶ್ಚಾತ್ತಾಪ ಇಲ್ಲ.

ಸೇರುವ ದಿನ ಅಲ್ಲಿ ಉಸ್ತುವಾರಿ ನೋಡುವ ಮೇಡಂ ಒಂದು ಫಾರ್ಮನ್ನು ನನ್ನ ಮುಂದೆ ಇಟ್ಟರು. ಅಮ್ಮ ಬಲಗೈ ಚಾಚಿ ಎಳೆದುಕೊಂಡಳು. "ಸೇರಿಸುವವರ ಹೆಸರು" ಎಂದಿದ್ದಲ್ಲಿ ತನ್ನದೇ ಹೆಸರು ಬರೆದಳು. ಕೆಳಗೆ "ನಿವಾಸಿಯೊಂದಿಗಿನ ಸಂಬಂಧ" ಎಂದಿತ್ತು. ಅಲ್ಲಿ ಬರೆದಳು: "ನಾನೇ."

"ಇಲ್ಲಿ ಮಕ್ಕಳ ಹೆಸರು ಬರಬೇಕಮ್ಮ," ಎಂದರು ಮೇಡಂ.

"ಯಾಕೆ? ಬಂದದ್ದು ನಾನು."

ಮೇಡಂ ನನ್ನ ಕಡೆ ನೋಡಿದರು. ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ. "ಅಮ್ಮ ಬರೆದದ್ದು ಸರಿ ಉಂಟು," ಎಂದೆ. ಫಾರ್ಮಿನ ಕೊನೆಯಲ್ಲಿ ಸಾಕ್ಷಿಗೆ ಒಂದು ಗೆರೆ ಇತ್ತು. ಅಲ್ಲಿ ನಾನು ಸಹಿ ಮಾಡಿದೆ.