ಕಂಬಿಯ ಇನ್ನೊಂದು ತುದಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೆಪ್ಪುಗಟ್ಟಿದ ಸರೋವರದ ನಡುವೆ ಗುನ್‌ವೋರ್ ಎಂಬ ಮಹಿಳೆ ಬಗ್ಗಿ ನಿಂತು ಹಾರೆಯಿಂದ ಮಂಜುಗಡ್ಡೆಯನ್ನು ಕುಟ್ಟುತ್ತಿದ್ದಾರೆ. ಎರಡು ಗುರು, ಒಂದು ಲಘು. ಮತ್ತೆ ಎರಡು ಗುರು, ಒಂದು ಲಘು. ಯತಿ ಬೀಳುವ ಕಡೆಯಲ್ಲೆಲ್ಲ ಒಂದೊಂದು ಬೈಗುಳ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಇದೇ ಬಾಯಿ ಪುಸ್ತಕ ನೋಡದೆ ಕೀರ್ತನೆ ಹಾಡುತ್ತದೆ. ಇವತ್ತು ಶನಿವಾರ.

ಅವರು ಬಿಡಿಸಲು ಹೆಣಗುತ್ತಿರುವುದು ತಾವೇ ಮಾಡಿದ ಒಂದು ಉಕ್ಕಿನ ಕಂಬಿಯನ್ನು. ಗಾಳಿಪಟದ ಎಳೆತಕ್ಕೆ ಸಿಕ್ಕಿ ಸ್ನೋಬೋರ್ಡ್ ಮೇಲೆ ಸರ್ರನೆ ಬರುವ ಹುಡುಗ ಹುಡುಗಿಯರು ಈ ಕಂಬಿಯ ಮೇಲೆ ಹಾರುತ್ತಾರೆ, ಅದರುದ್ದಕ್ಕೂ ಅಡ್ಡಡ್ಡ ಜಾರುತ್ತಾರೆ, ಆ ತುದಿಯಲ್ಲಿ ಇಳಿದು ಕೇಕೆ ಹಾಕುತ್ತಾರೆ. ಸಂಜೆಗೆ ಗಾಳಿಪಟ ಮಡಚಿಕೊಂಡು ಮನೆಗೆ ಹೋಗುತ್ತಾರೆ. ಕಂಬಿ ಇಲ್ಲೇ.

“ಕಾಲಿನ ಕೆಳಗೆ ಹಲಗೆ ಇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ!” ಎನ್ನುತ್ತಾರೆ ಗುನ್‌ವೋರ್. “ಮಾರ್ಚ್ ಬಿಸಿಲು. ಕರಿ ಉಕ್ಕು ಕಾಯುತ್ತೆ, ಕಾಲು ಐಸಿನೊಳಗೆ ಇಳಿಯುತ್ತೆ, ರಾತ್ರಿ ಹಿಡ್ಕೊಂಡು ಬಿಡುತ್ತೆ. ಇದಕ್ಕೇನು ಕಾಲೇಜು ಓದಬೇಕಾ? ಕಂಬಿ ಮೇಲೇ ಬರೆದಿದೀನಿ, ‘ಹಲಗೆ’ ಅಂತ, ಅಂಗೈಯಗಲ ಅಕ್ಷರದಲ್ಲಿ. ಎಲ್ಲಿ ಬರೆದಿದೀನೋ ಆ ಕಡೆಯೇ ಹಿಮ ತುಂಬಿಕೊಂಡಿದೆ, ನೋಡಿ.”

ಇವತ್ತಿನ ಅವಸರಕ್ಕೆ ಬೇರೆ ಕಾರಣವೂ ಇದೆ. ನಿನ್ನೆ ಗಾಳಿ ಪಶ್ಚಿಮಕ್ಕೆ ತಿರುಗಿದಾಗ ಹುಡುಗರು ಕಂಬಿಯನ್ನೂ ತಿರುಗಿಸಿ, ನೇರ ಸ್ಕೀ ದಾರಿಗೆ ಅಡ್ಡ ನಿಲ್ಲಿಸಿ ಹೋಗಿದ್ದಾರೆ. ಆ ದಾರಿಯನ್ನು ಯಂತ್ರದಿಂದ ಒತ್ತಿ ಹದ ಮಾಡುವವರು ಸ್ಟೈನಾರ್. ಹಿಮ ಮುಚ್ಚಿದ ಈ ಕಂಬಿ ಹೋದ ತಿಂಗಳು ಅವರ ಯಂತ್ರಕ್ಕೆ ಒಮ್ಮೆ ತಾಗಿದೆ. “ಇನ್ನೊಂದು ಸಲ ನನ್ನ ದಾರೀಲಿ ಸಿಕ್ಕಿದ್ರೆ ತುಂಡು ತುಂಡು ಮಾಡಿ ಗುಜರಿಗೆ ಹಾಕ್ತೀನಿ” ಎಂದು ಅಂಗಡಿಯ ಮುಂದೆ ಎಲ್ಲರೆದುರು ಹೇಳಿದ್ದಾರೆ. ಸ್ಟೈನಾರ್ ಸುಮ್ಮನೆ ಮಾತಾಡುವವರಲ್ಲ. ನಾಳೆ ಗರಿಗಳ ಭಾನುವಾರ, ಈಸ್ಟರ್ ರಜೆಗೆಂದು ಮಕ್ಕಳನ್ನು ಚಿಕ್ಕ ಜಾರುಬಂಡಿಯಲ್ಲಿ ಕೂರಿಸಿ ಎಳೆದುಕೊಂಡು ಇಡೀ ಊರೇ ಇದೇ ದಾರಿಯಲ್ಲಿ ಬೆಟ್ಟಕ್ಕೆ ಹೋಗುತ್ತದೆ. ಇವತ್ತು ಸೂರ್ಯ ಹುಟ್ಟುವ ಹೊತ್ತಿಗೆ ಯಂತ್ರ ಇಲ್ಲಿಗೆ ಬಂದೇ ಬರುತ್ತದೆ.

“ಅವನು ಹೇಳೋದು ಸರಿಯೇ” ಎನ್ನುತ್ತಾರೆ ಗುನ್‌ವೋರ್, ಹಾರೆಗೆ ಒರಗಿಕೊಂಡು. “ಅದೇ ನನಗೆ ಉರಿಯೋದು. ತಪ್ಪು ಹೇಳಿದ್ರೆ ಜಗಳನಾದ್ರೂ ಆಡಬಹುದಿತ್ತು.”

ಹಿಮ ಗುಡಿಸುವ ಲಾರಿಗಳ ಗ್ಯಾರೇಜಿನಲ್ಲಿ ಬೆಸುಗೆ ಹಾಕುವುದು ಅವರ ಕೆಲಸ. ರಸ್ತೆಯ ಕಲ್ಲಿಗೆ ಬಡಿದು ಸೀಳಿದ ಅಲಗುಗಳನ್ನು ಇಡೀ ಚಳಿಗಾಲ ಕೂಡಿಸುತ್ತಲೇ ಇರುತ್ತಾರೆ. ಗ್ಯಾರೇಜಿನ ಹಿಂದಿನ ಕಿಟಕಿ ಸರೋವರಕ್ಕೆ ತೆರೆದುಕೊಳ್ಳುತ್ತದೆ. ಐದು ಚಳಿಗಾಲಗಳ ಹಿಂದೆ ಆ ಕಿಟಕಿಯಲ್ಲಿ ಕಂಡದ್ದು, ಗಾಳಿಪಟದ ಹುಡುಗರ ಮುಂದಾಳು ಐವಿಂಡ್ ತಾನೇ ಬೆಸೆದು ತಂದಿದ್ದ ಒಂದು ಕಂಬಿ. ಮೊದಲ ಜಿಗಿತಕ್ಕೇ ಅದರ ಕಾಲು ಕಳಚಿಬಿತ್ತು.

“ಪ್ರೀತಿಯಿಂದ ಮಾಡಿಕೊಟ್ಟೆ ಅಂತ ತಿಳ್ಕೋಬೇಡಿ” ಎಂದು ಎಚ್ಚರಿಸುತ್ತಾರೆ. “ಆ ಬೆಸುಗೆ ನೋಡಬೇಕಿತ್ತು. ಹಕ್ಕಿ ಹಿಕ್ಕೆ ಹಾಕಿದ ಹಾಗಿತ್ತು. ತಡಕೊಳ್ಳಕ್ಕಾಗದೆ ಕಿತ್ಕೊಂಡು ಬಂದೆ, ಅಷ್ಟೇ.”

ಬೆಟ್ಟದ ಇಳಿಜಾರಿನಲ್ಲಾದರೆ ಕಂಬಿಯನ್ನು ಒಂದು ಕಡೆ ನೆಟ್ಟು ಮರೆತುಬಿಡಬಹುದು. ಸರೋವರದಲ್ಲಿ ಇಳಿಜಾರಿಲ್ಲ, ಎಳೆಯುವುದು ಗಾಳಿ ಮಾತ್ರ. ಗಾಳಿ ತಿರುಗಿದರೆ ಕಂಬಿಯೂ ತಿರುಗಬೇಕು. ಹಾಗಾಗಿ ಗುನ್‌ವೋರ್ ಹಳೆಯ ನೀರಿನ ಕೊಳವೆಯನ್ನು ಎರಡು ತುಂಡು ಮಾಡಿ, ಒಂದರೊಳಗೊಂದು ಸೇರುವಂತೆ ಹದಗೊಳಿಸಿದರು. ಅಲಗಿನ ಚೂರುಗಳಿಂದ ಮಡಚುವ ಕಾಲು ಮಾಡಿದರು. ಕಾಲಿನಡಿಗೆ ಯಾರೋ ಎಸೆದ ಸ್ಕೀಗಳು. ಎತ್ತಲು ಎರಡೂ ತುದಿಯಲ್ಲಿ ಒಂದೊಂದು ಹಿಡಿ, ಕೆಂಪು ಬಣ್ಣದ್ದು.

ಮೊದಮೊದಲು ಇದರಲ್ಲಿ ಅವರೂ ಒಂದು ತಪ್ಪು ಮಾಡಿದ್ದರು. ಕಳಚಿ ಜೋಡಿಸಲು ಸುಲಭವಾಗಲೆಂದು ಕಿವಿಯಿರುವ ನಟ್ಟುಗಳನ್ನು ಹೊರಬದಿಗೆ ಹಾಕಿದ್ದರು. ಪಟ ಕೆಳಗೆ ಬಿದ್ದಾಗ ಅದರ ದಾರಗಳು ಕಂಬಿಯ ಮೇಲೆ ಹಾಯುತ್ತವೆ. ಒಂದು ದಾರ ನಟ್ಟಿಗೆ ಸಿಕ್ಕಿತು, ಪಟ ಮತ್ತೆ ಎದ್ದಿತು, ಐವಿಂಡ್‌ನ ಭುಜ ಕೀಲು ತಪ್ಪಿತು. ಅಂದಿನಿಂದ ಹೊರಗೆ ಒಂದು ಮೊಳೆಯ ತಲೆಯೂ ಇಲ್ಲ. ಎಲ್ಲ ಬೆಣೆಗಳೂ ಒಳಬದಿಗೆ. ಬೆಸುಗೆ ಉಜ್ಜಿ ಮುಗಿಸಿದ ಮೇಲೆ ಗುನ್‌ವೋರ್ ತಮ್ಮ ಹಳೆಯ ನೈಲಾನ್ ಕಾಲುಚೀಲವೊಂದನ್ನು ಕಂಬಿಯ ಉದ್ದಕ್ಕೂ ಎಳೆಯುತ್ತಾರೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಮತ್ತೆ ಅರ.

“ಕಾಲುಚೀಲ ಹರಿಯದೆ ಆ ತುದಿ ಮುಟ್ಟಿದ್ರೆ ಕಂಬಿ ಪಾಸು. ಗ್ಯಾರೇಜಿನವರು ನಗ್ತಾರೆ. ನಗಲಿ. ಭುಜ ಅವರದ್ದಲ್ಲವಲ್ಲ.”

ಹುಡುಗರು ಕೆಟ್ಟವರೇನಲ್ಲ. ದುಗ್ನಾಡ್ ಎಂದು ಕರೆದರೆ, ಎಂದರೆ ಎಲ್ಲರೂ ಸೇರಿ ಕೈಹಚ್ಚುವ ಕೆಲಸಕ್ಕೆ, ಇಲ್ಲ ಎನ್ನುವುದು ಈ ಊರಲ್ಲಿ ಯಾರಿಗೂ ಬರುವುದಿಲ್ಲ. ನಿನ್ನೆ ರಾತ್ರಿಯೂ ಗುನ್‌ವೋರ್ ಫೋನಿನ ಗುಂಪಿಗೆ ಬರೆದಿದ್ದರು: ಬೆಳಿಗ್ಗೆ ಕಂಬಿ ತೆಗೆಯಬೇಕು, ಬನ್ನಿ, ಕಾಫಿ ತರುತ್ತೇನೆ. ಕ್ಷಣದಲ್ಲೇ ಪರದೆಯ ತುಂಬ ಎತ್ತಿದ ಹೆಬ್ಬೆರಳುಗಳು.

“ಹೆಬ್ಬೆರಳು, ಹೆಬ್ಬೆರಳು, ಹೆಬ್ಬೆರಳು!” ಅವರು ಥರ್ಮಾಸಿನ ಮುಚ್ಚಳ ತಿರುಗಿಸುತ್ತಾರೆ. “ಬರೀ ಹೆಬ್ಬೆರಳಲ್ಲಿ ಕಂಬಿ ಎತ್ತಕ್ಕಾಗುತ್ತಾ? ಇಷ್ಟು ಕಾಫಿ ನಾನೊಬ್ಬಳೇ ಕುಡೀಬೇಕು ಈಗ.”

ಒಬ್ಬರೇ ಇದ್ದಾಗ ಅವರು ಒಂದು ತುದಿಯನ್ನು ಎಳೆದು, ಇನ್ನೊಂದು ತುದಿ ಓರೆಯಾಗಿ ಹಿಮದಲ್ಲಿ ಹೂತುಕೊಂಡರೆ ಹೋಗಿ ಬಿಡಿಸಿ, ಮತ್ತೆ ಈ ಕಡೆ ಬಂದು ಎಳೆಯುತ್ತಾರೆ. ಏನು ಆಸೆ ಇದೆ ಎಂದು ಕೇಳಿದರೆ ತಾವು ಹಿಡಿಯುವ ಹಿಡಿಯನ್ನು ತೋರಿಸುತ್ತಾರೆ. ಕೆಂಪು ಬಣ್ಣದ ಸುಳಿವೇ ಇಲ್ಲ, ಉಕ್ಕು ಬೆಳ್ಳಿಯಂತೆ ಹೊಳೆಯುತ್ತಿದೆ. ಇನ್ನೊಂದು ತುದಿಯ ಹಿಡಿ ಬಳಿದ ದಿನ ಹೇಗಿತ್ತೋ ಹಾಗೇ ಇದೆ.

“ಆ ಕಡೇದೂ ಸವೆದಿರೋದು ಒಂದು ಸಲ ನೋಡಬೇಕು. ಇನ್ನೇನು ಬೇಡ.”

ಮೂರು ಕಾಲುಗಳು ಬಿಟ್ಟಿವೆ. ನಾಲ್ಕನೆಯದು ಹಟ ಹಿಡಿದಿದೆ. ಹಾರೆ ಬೀಳುವ ಗಳಿಗೆಗೇ ಕಂಬಿಯನ್ನು ಮೇಲಕ್ಕೆ ಎಳೆದರೆ ಮಾತ್ರ ಅದು ಏಳುತ್ತದೆ, ಅದಕ್ಕೆ ಇಬ್ಬರು ಬೇಕು. ಗುನ್‌ವೋರ್ ಹೊಡೆಯುತ್ತಾರೆ, ಹಾರೆ ಎಸೆದು ಓಡುತ್ತಾರೆ, ಎತ್ತುತ್ತಾರೆ. ತಡವಾಗುತ್ತದೆ. ಮತ್ತೆ ಹೊಡೆಯುತ್ತಾರೆ, ಮತ್ತೆ ಓಡುತ್ತಾರೆ.

ಅಷ್ಟರಲ್ಲಿ ದಡದ ಕಡೆಯಿಂದ ಯಂತ್ರದ ದೀಪ. ಅದು ಬಂದು ಕಂಬಿಗೆ ಮಾರು ದೂರದಲ್ಲಿ ನಿಲ್ಲುತ್ತದೆ. ಸ್ಟೈನಾರ್ ಕೆಳಗಿಳಿದು ಬರುತ್ತಾರೆ. ಕೈಯಲ್ಲಿ ಉಕ್ಕು ಕತ್ತರಿಸುವ ಯಂತ್ರ ನಿಜವಾಗಿಯೂ ಇದೆ.

“ಹೇಳಿದ್ದೆ ನಿನಗೆ.”

“ಹೇಳಿದ್ದೆ. ಕತ್ತರಿಸು.” ಗುನ್‌ವೋರ್ ಪಕ್ಕಕ್ಕೆ ಸರಿಯುತ್ತಾರೆ. “ಆದ್ರೆ ಕತ್ತರಿಸಿದ ಮೇಲೆ ಈ ಕಾಲಿನ ತುಂಡು ಐಸಲ್ಲೇ ಚುಚ್ಚಿಕೊಂಡು ನಿಲ್ಲುತ್ತೆ. ನಾಳೆ ಯಾವ ಮಗುವಿಗೆ ತಾಗುತ್ತೋ ನೀನೇ ಯೋಚಿಸು. ಮತ್ತೆ ಬೆಸುಗೆ ಇರೋ ಕಡೆ ಹೋಗಬೇಡ. ಕತ್ತರಿಸೋ ಚಕ್ರ ಹಾಳಾಗುತ್ತೆ.”

ಸ್ಟೈನಾರ್ ಬಗ್ಗಿ ಕಾಲನ್ನು ನೋಡುತ್ತಾರೆ. ಬೆಸುಗೆಯನ್ನೂ ನೋಡುತ್ತಾರೆ, ಬೇಕಾದದ್ದಕ್ಕಿಂತ ಕೊಂಚ ಹೆಚ್ಚೇ ಹೊತ್ತು.

“ಆ ಹುಡುಗರು ಎಲ್ಲಿ ಸತ್ತರು?”

“ಹೆಬ್ಬೆರಳು ಕಳಿಸಿದಾರೆ.”

ಸ್ಟೈನಾರ್ ಕತ್ತರಿಸುವ ಯಂತ್ರವನ್ನು ಹಿಮದ ಮೇಲೆ ಇಟ್ಟು, ಕೊಳವೆಯನ್ನು ತೋಳಿನಲ್ಲಿ ತಬ್ಬಿ ಎತ್ತಲು ನೋಡುತ್ತಾರೆ.

“ಹಾಗಲ್ಲ ಮಾರಾಯ, ಸೊಂಟ ಮುರ್ಕೋತೀಯ! ಹಿಡಿ ಇದೆಯಲ್ಲ, ಕಣ್ಣಿಲ್ವಾ? ಐದು ವರ್ಷದಿಂದ ಅಲ್ಲೇ ಇದೆ!”

ಹಾರೆ ಬೀಳುತ್ತದೆ. ಸ್ಟೈನಾರ್ ಎತ್ತುತ್ತಾರೆ. ಎರಡನೆಯ ಏಟಿಗೆ ಕಾಲು ಕಿತ್ತುಕೊಂಡು ಬರುತ್ತದೆ. ಗುನ್‌ವೋರ್ ತಮ್ಮ ತುದಿಗೆ ಹೋಗಿ ಹಿಡಿಯುತ್ತಾರೆ, ಕಂಬಿ ದಡದತ್ತ ನೆಟ್ಟಗೆ ಹೊರಡುತ್ತದೆ, ಎಲ್ಲೂ ಓರೆಯಾಗದೆ. ಅವರ ಜೇಬಿನಲ್ಲಿ ಫೋನು ಒಮ್ಮೆ ಟಿಣ್ ಎನ್ನುತ್ತದೆ. ಅವರು ತೆಗೆದು ನೋಡುವುದಿಲ್ಲ.

ಅರ್ಧ ದಾರಿಯಲ್ಲಿ ಸ್ಟೈನಾರ್ ಗೊಣಗುತ್ತಾರೆ. “ಏ ಗುನ್‌ವೋರ್, ನಿನ್ನ ಬಣ್ಣ ಎದ್ದು ನನ್ನ ಕೈಗವಸಿಗೆಲ್ಲ ಹತ್ತುತಾ ಇದೆ.”

“ಹತ್ತಲಿ” ಎನ್ನುತ್ತಾರೆ ಗುನ್‌ವೋರ್, ಹಿಂದಿರುಗಿ ನೋಡದೆ. “ಬಿಗಿಯಾಗಿ ಹಿಡಿ.”