ಅಲುಗಾಡದವರ ಫೋಟೋ

ಸಾಮಾನ್ಯ ಮನುಷ್ಯರು ಮರದ ಫೋಟೋ ತೆಗೆಯಬೇಕೆಂದರೆ ಮರದ ಎದುರು ನಿಂತು ಗುಂಡಿ ಒತ್ತಿ ಮನೆಗೆ ಬರುತ್ತಾರೆ. ಚನ್ನಮಲ್ಲಪ್ಪ ಮರದ ಮೇಲೆ ದಂಡೆತ್ತಿ ಹೋಗುತ್ತಿದ್ದ. ಅಕ್ಟೋಬರ್ ಬಂತೆಂದರೆ ನ್ಯೂರೆಂಬರ್ಗಿನ ಅವನ ಮನೆಯಲ್ಲಿ ಯುದ್ಧದ ಕಹಳೆ ಮೊಳಗುತ್ತಿತ್ತು. ಕ್ಯಾಮೆರಾದ ಮುಕ್ಕಾಲಿಯನ್ನು ಗದೆಯಂತೆ ಹೆಗಲಿಗೇರಿಸಿ, ಕುತ್ತಿಗೆಗೆ ಹಳೇ ಕ್ಯಾಮೆರಾ ಇಳಿಬಿಟ್ಟು, ಒಂದು ಜೇಬಿನಲ್ಲಿ ಫಿಲ್ಮ್ ರೋಲು, ಇನ್ನೊಂದರಲ್ಲಿ ಹೆಂಡತಿ ಪವಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತುಂಬಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಸಾರಥಿ ನಾನು. ಊರಿನ ಕನ್ನಡ ಬಳಗದಲ್ಲಿ ಕಾರಿದ್ದವನು ನಾನೊಬ್ಬನೇ ಆದ್ದರಿಂದ ಈ ಪದವಿ ನನಗೆ ಸ್ಪರ್ಧೆಯಿಲ್ಲದೆ ದಕ್ಕಿತ್ತು. ಹೋಳಿಗೆಯ ಆಕರ್ಷಣೆಯೂ ಇತ್ತು, ಸುಳ್ಳೇಕೆ ಹೇಳಲಿ.

ಶತ್ರುವಿನ ಹೆಸರು ಆಸ್ಪೆನ್. ಊರಾಚೆಯ ಕಾಡಿನ ಅಂಚಿನಲ್ಲಿ, ಮರಳು ನೆಲದಲ್ಲಿ, ಗುಂಪುಗುಂಪಾಗಿ ನಿಲ್ಲುವ ಬೂದು ತೊಗಟೆಯ ತೆಳ್ಳನೆಯ ಮರ. ಅದರ ದುಂಡನೆಯ ಎಲೆಗೆ ಚಪ್ಪಟೆ ತೊಟ್ಟು. ಆದ್ದರಿಂದ ನಮಗೆ ಗಾಳಿಯೇ ಇಲ್ಲವೆನಿಸಿದಾಗಲೂ ಅದು ನಡುಗುತ್ತಲೇ ಇರುತ್ತದೆ. ಜರ್ಮನರು ಅದನ್ನು ಝಿಟ್ಟರ್‌ಪಾಪೆಲ್, ಅಂದರೆ ನಡುಗುವ ಪಾಪ್ಲರ್ ಮರ ಎನ್ನುತ್ತಾರೆ. ಶರತ್ಕಾಲದಲ್ಲಿ ಇಡೀ ಮರ ಅರಿಸಿನ ಮೆತ್ತಿಕೊಂಡು, ಮಂಜಿನೊಳಗೆ ನಿಂತು, ಯಾರಿಗೋ ಹೆದರಿದಂತೆ ಮೈಯೆಲ್ಲ ಅದುರಿಸುತ್ತದೆ. ಶಿಲುಬೆಯನ್ನು ಈ ಮರದಿಂದಲೇ ಮಾಡಿದರಂತೆ, ಅಂದಿನಿಂದ ಇದರ ನಡುಕ ನಿಂತಿಲ್ಲವಂತೆ ಎಂದು ಕೆಳಗಿನ ಮನೆಯ ಜರ್ಮನ್ ಅಜ್ಜಿ ಅವನಿಗೆ ಹೇಳಿದ್ದಳು. ಅವನು ಅದನ್ನು ನನಗೆ ಹೇಳಿ, "ಅಂದ್ರ ಅದೂ ನೋಡಬಾರದ್ದನ್ನ ನೋಡೇತಿ ಅನ್ರಿ" ಎಂದಿದ್ದ.

ಆಗ ನಾನು ನಕ್ಕಿದ್ದೆ. ಆ "ಅದೂ" ಎಂಬುದರ ಅರ್ಥ ಆಮೇಲೆ ತಿಳಿಯಿತು.

ಚನ್ನಮಲ್ಲಪ್ಪ ಬನಹಟ್ಟಿಯವನು. ಕಂಪ್ಯೂಟರ್ ಬಲ್ಲವರನ್ನು ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, 2001ರಲ್ಲಿ, ಬಂದಿಳಿದ. ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಸಾಯುತ್ತದೆಂದು ಹುಡುಕಿ ಹೇಳುವುದಕ್ಕೆ ಅವನಿಗೆ ಸಂಬಳ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಕುಳಿತಾಗಲೂ ಎದುರಿನವನನ್ನು ಎಲ್ಲಿ ಕೆಡಬಹುದೆಂಬಂತೆ ನೋಡುತ್ತಿದ್ದ.

ಇಂಥ ಮಹಾ ಫೋಟೋಗ್ರಾಫರನ ಮನೆಯಲ್ಲಿ ಅವನು ತೆಗೆದ ಮನುಷ್ಯರ ಫೋಟೋ ಒಂದೂ ಇರಲಿಲ್ಲ. ಗೋಡೆ ತುಂಬ ಹಳದಿ ಮರ. ಮಗಳು ಭೂಮಿಕಾ ಇಲ್ಲಿಯೇ ಹುಟ್ಟಿ ವರ್ಷ ದಾಟಿದ್ದಳು. ಪಾಸ್‌ಪೋರ್ಟಿಗೆ ಬೇಕಾದ ಅವಳ ಫೋಟೋವನ್ನು ರೈಲ್ವೆ ಸ್ಟೇಷನ್ನಿನ ಮಷೀನು ತೆಗೆದಿತ್ತು. ಹುಟ್ಟುಹಬ್ಬಕ್ಕೆ ಬಂದವರು ತೆಗೆದ ಫೋಟೋಗಳಲ್ಲಿ ಮಗುವಿಗಿಂತ ಕೇಕು ಚೆನ್ನಾಗಿ ಬಂದಿತ್ತು. ಪವಿಯ ತಾಯಿ ಇಳಕಲ್ಲಿನಿಂದ ಫೋನ್ ಮಾಡಿದಾಗೆಲ್ಲ, ಅಳಿಯ ದೊಡ್ಡ ಕ್ಯಾಮೆರಾ ಇಟ್ಟುಕೊಂಡಿದ್ದಾನಂತೆ, ಮೊಮ್ಮಗಳ ಮುಖ ಮಾತ್ರ ನೆಟ್ಟಗೆ ತೋರಿಸಲಿಲ್ಲ ಎಂದು ದೂರುತ್ತಿದ್ದರು. ಪವಿ ಅದನ್ನು ಒಂದಕ್ಕೆರಡು ಮಾಡಿ ಗಂಡನಿಗೆ ತಲುಪಿಸುತ್ತಿದ್ದಳು. ಅವನು ಬೆಳಕಿನ ನೆಪ ಹೇಳುತ್ತಿದ್ದ, ಲೆನ್ಸಿನ ನೆಪ ಹೇಳುತ್ತಿದ್ದ, ಒಮ್ಮೆ ಮಗುವಿನ ಮೂಗಿನ ನೆಗಡಿಯನ್ನೂ ನೆಪಕ್ಕೆ ಬಳಸಿದ್ದ.

ನಿಜ ಸಂಗತಿಯನ್ನು ಅವನು ನನಗೆ ಹೇಳಿದ್ದು 2002ರ ಅಕ್ಟೋಬರಿನಲ್ಲಿ, ದಂಡಯಾತ್ರೆಯಿಂದ ಮರಳುವಾಗ, ಮಂಜಿನಲ್ಲಿ ಕಾರು ಆಮೆಯಂತೆ ತೆವಳುತ್ತಿದ್ದಾಗ.

ಕಾಲೇಜಿನ ದಿನಗಳಲ್ಲಿ ಅವನು ಸೋದರಮಾವ ಬಾಳಪ್ಪನ ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದ. ಆ ಕಡೆ ಲಿಂಗಾಯತರ ಮನೆಯಲ್ಲಿ ಸಾವಾದರೆ ಹೆಣವನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಮಂದಿಯೆಲ್ಲ ಕುಳಿತು ಕಡೆಯ ಫೋಟೋ ತೆಗೆಸುತ್ತಾರೆ. ಆ ಊರಿನಲ್ಲಿ ಇದು ಬಾಳಪ್ಪನ ಏಕಸ್ವಾಮ್ಯ. ಫ್ಲ್ಯಾಷ್ ಹೊಡೆದರೆ ಹಣೆಯ ವಿಭೂತಿ ಸುಣ್ಣದ ಗೋಡೆಯಂತೆ ಬೆಳ್ಳಗೆ ಸಿಡಿಯುತ್ತದೆಂದು ಅವನು ಫ್ಲ್ಯಾಷ್ ಮುಟ್ಟುತ್ತಿರಲಿಲ್ಲ. ಕರೆಂಟೂ ಇಲ್ಲದ ಪಡಸಾಲೆಯಲ್ಲಿ, ಬಾಗಿಲಿನಿಂದ ಬಂದಷ್ಟು ಬೆಳಕಿನಲ್ಲಿ, ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕಿತ್ತು. ಅಷ್ಟು ಹೊತ್ತು ಯಾರೂ ಮಿಸುಕಬಾರದು. ಮಿಸುಕಿದವರು ಹೊಗೆಯಂತೆ ಕದಡಿ ಬರುತ್ತಾರೆ. "ಯಾರೂ ಅಲುಗಾಡಬ್ಯಾಡ್ರಿ" ಎಂದು ಕೂಗುವ ಕೆಲಸ ಚನ್ನಮಲ್ಲಪ್ಪನದು. ಅಳುವವರು ಹೇಗೆ ಅಲುಗಾಡದೆ ಇರುತ್ತಾರೆ? ಬಿಕ್ಕುತ್ತಿದ್ದರು, ಮೂಗು ಒರೆಸುತ್ತಿದ್ದರು, ಮಕ್ಕಳು ನೊಣ ಓಡಿಸುತ್ತಿದ್ದರು. ಅವನ ಮಾತು ಚಾಚೂ ತಪ್ಪದೆ ಪಾಲಿಸುತ್ತಿದ್ದವನು ಒಬ್ಬನೇ, ನಡುವೆ ಕುಳಿತವನು. ಹೀಗಾಗಿ ಬಾಳಪ್ಪನ ಫೋಟೋಗಳಲ್ಲಿ ಬದುಕಿದ್ದವರೆಲ್ಲ ದೆವ್ವಗಳಂತೆಯೂ ಸತ್ತವನೊಬ್ಬನೇ ಮನುಷ್ಯನಂತೆಯೂ ಕಾಣುತ್ತಿದ್ದರು.

ಇಲ್ಲಿಯವರೆಗೆ ನಾನು ಸ್ಟೀರಿಂಗ್ ಹಿಡಿದುಕೊಂಡೇ ನಗುತ್ತಿದ್ದೆ. ಅವನೂ ನಗುತ್ತಿದ್ದ.

ಆಮೇಲೆ ಕಾಂತಮ್ಮನ ಸುದ್ದಿ ಬಂತು. ನೇಕಾರರ ಓಣಿಯಲ್ಲಿ ಹರೆಯದವನೊಬ್ಬ ಕಾಮಾಲೆಯಿಂದ ಸತ್ತಿದ್ದ. ಅವನ ಹೆಂಡತಿ ಈ ಕಾಂತಮ್ಮ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡನ ಪಕ್ಕ ಅವಳನ್ನು ತಂದು ಕೂರಿಸಿದರು. ಚನ್ನಮಲ್ಲಪ್ಪ ಎಂದಿನಂತೆ ಕೂಗಿದ, ಮಾವ ಫೋಟೋ ತೆಗೆದ. ಅಂದು ಸಂಜೆ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಅವನು ಕಾಗದವನ್ನು ದ್ರಾವಣಕ್ಕಿಳಿಸಿ ಅಲ್ಲಾಡಿಸುತ್ತಿದ್ದಾಗ, ಬಿಳಿ ಕಾಗದದ ಮೇಲೆ ಎರಡು ಮುಖ ಮೂಡಿದವು. ಗಂಡನದು, ಅವಳದು. ಎರಡೂ ಕೆತ್ತಿದಂತೆ. ಉಳಿದವರೆಲ್ಲ ಸುತ್ತಲೂ ಬರೀ ಹೊಗೆ. ಅವಳು ಕಣ್ಣು ಕೂಡ ಮಿಟುಕಿಸಿರಲಿಲ್ಲ. ಹಿಂದಿನಿಂದ ಇಣುಕಿದ ಬಾಳಪ್ಪ, "ಇಡೀ ಫೋಟೋದಾಗ ಇಬ್ಬರ ಛಲೋ ಬಂದಾರ ನೋಡು" ಎಂದನಂತೆ.

ತಿಂಗಳು ಕಳೆಯುವುದರೊಳಗೆ ಕಾಂತಮ್ಮ ಬಾವಿಯಲ್ಲಿ ಸಿಕ್ಕಳು. ಅವಳ ಫೋಟೋ ಬೇರೆ ಯಾವುದೂ ಇರಲಿಲ್ಲವಾಗಿ, ಅದೇ ಚಿತ್ರದಿಂದ ಅವಳ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿ, ಹಾರ ಹಾಕಲು ಕೊಟ್ಟವನೂ ಚನ್ನಮಲ್ಲಪ್ಪನೇ.

"ಅವತ್ತಿನಿಂದ ಮನುಷ್ಯಾರ ಮ್ಯಾಲ ಕ್ಯಾಮೆರಾ ಹಿಡಿದಿಲ್ಲ ಸರ. ಯಾರು ಗಟ್ಟಿಯಾಗಿ ಬರ್ತಾರೋ ಅಂತ ಅಂಜಿಕಿ" ಎಂದ. "ಈ ಮರ ಆದ್ರ ಎಷ್ಟ ಸಲ ತಗದ್ರೂ ಗಟ್ಟಿ ಬರಂಗಿಲ್ಲ."

ಅವನ ಯುದ್ಧತಂತ್ರ ಆಗ ಅರ್ಥವಾಯಿತು. ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿಟ್ಟು, ಎಲೆಯ ನಡುಕವನ್ನು ನಡುಕವಾಗಿಯೇ ಹಿಡಿಯಬೇಕು. ತನ್ನ ಕೈಯಿಂದ ಜೀವವಿರುವುದು ಜೀವವಿರುವಂತೆಯೇ ಬರುತ್ತದೆಂದು ಮೊದಲು ಖಾತ್ರಿಯಾಗಬೇಕು. ಆಮೇಲೆ ಮಗಳು. ಜಗತ್ತಿನಲ್ಲಿ ಎಷ್ಟೋ ಜನ ಮಗುವಿನ ಫೋಟೋ ತೆಗೆದಿದ್ದಾರೆ. ಅದಕ್ಕಾಗಿ ಮೂರು ಶರತ್ಕಾಲ ಕಾಡಿನಲ್ಲಿ ತಪಸ್ಸು ಮಾಡಿದವನು ಇವನೊಬ್ಬನೇ ಇರಬೇಕು.

ಮುಂದಿನ ವರ್ಷದ ಅಕ್ಟೋಬರಿನಲ್ಲಿ ಪವಿ ತಾನೂ ಬರುತ್ತೇನೆಂದು ಹಟ ಹಿಡಿದಳು. ದೀಪಾವಳಿಗೆ ಅವ್ವನಿಗೆ ಮೊಮ್ಮಗಳ ಫೋಟೋ ಕಳಿಸಲೇಬೇಕು, ಬಣ್ಣದ ಮರದ ಕೆಳಗೆ ಒಂದೇ ಒಂದು ತೆಗೆದರೆ ಸಾಕು ಎಂದು ಅವಳ ವಾದ. ಮುಂದಿನ ವರ್ಷ ನೋಡೋಣ ಎಂದು ಅವನ ಪ್ರತಿವಾದ. ತೀರ್ಪು ಆಗದೆಯೇ ಎಲ್ಲರೂ ಕಾರು ಹತ್ತಿದೆವು.

ಆ ದಿನ ಕಾಡಿನಂಚಿನಲ್ಲಿ ಉಸಿರಾಡಿದರೆ ಕೇಳುವಷ್ಟು ನಿಶ್ಶಬ್ದ. ಮಂಜು ನೆಲಕ್ಕೆ ತಾಗಿಕೊಂಡಿತ್ತು. ಪೈನ್ ಮರದ ಒಂದು ಸೂಜಿಯೂ ಅಲುಗುತ್ತಿರಲಿಲ್ಲ. ಆಸ್ಪೆನ್ನುಗಳು ಮಾತ್ರ ಆ ಬೂದು ಬೆಳಕಿನಲ್ಲಿ ಹಳದಿ ಎಲೆಗಳನ್ನು ಅದುರಿಸುತ್ತ, ಒಣ ಚರ್ಮದ ಅಂಗೈಗಳನ್ನು ಉಜ್ಜಿದಂಥ ಸದ್ದು ಮಾಡುತ್ತಿದ್ದವು. ನಾನು ಹೋಳಿಗೆಯ ಪೊಟ್ಟಣ ಬಿಚ್ಚಿದೆ. ಚನ್ನಮಲ್ಲಪ್ಪ ಮುಕ್ಕಾಲಿ ಊರಿ, ಕ್ಯಾಮೆರಾ ಕೂರಿಸಿ, ಬಹಳ ಹೊತ್ತು ನೋಡಿ, ಸ್ಟುಡಿಯೋದ ಹಳೇ ಚಾಳಿಯಂತೆ ಮರಗಳಿಗೇ ಆಜ್ಞೆ ಮಾಡಿದ:

"ಯಾರೂ ಅಲುಗಾಡಬ್ಯಾಡ್ರಿ."

ಗುಂಡಿ ಒತ್ತಿದ. ಇಂಥ ಕ್ಯಾಮೆರಾಗಳಲ್ಲಿ ಫೋಟೋ ಬೀಳುವಷ್ಟು ಹೊತ್ತೂ ಒಳಗಿನ ಕನ್ನಡಿ ಮೇಲೆದ್ದು, ನೋಡುವವನಿಗೆ ಕತ್ತಲೆ. ತೆಗೆಯುವವನಿಗೆ ಕಾಣದ್ದು ಆ ಒಂದು ಗಳಿಗೆ ಮಾತ್ರ. ಕತ್ತಲೆ ಸರಿದು ಮತ್ತೆ ಬೆಳಕು ಬಂದಾಗ, ಮರಗಳ ಮುಂದೆ, ಸರಿಯಾಗಿ ನಡುವೆ, ಕೆಂಪು ಉಣ್ಣೆ ಟೋಪಿಯ ಭೂಮಿಕಾ ನಿಂತಿದ್ದಳು.

ಅವನು ಕೂಗಲಿಲ್ಲ. ಆಕೆ ಯಾವಾಗ ಅಲ್ಲಿಗೆ ಹೋದಳೆಂದು ನನ್ನನ್ನು ಕೇಳಿದ. ನಾನು ಹೋಳಿಗೆಯಲ್ಲಿದ್ದೆ. ಪವಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಓಡುತ್ತ ಬಂದಳೋ, ನಿಂತೇ ಇದ್ದಳೋ, ಫೋಟೋದಲ್ಲಿ ಬಿದ್ದಳೋ ಇಲ್ಲವೋ, ನೋಡಿದವರು ಯಾರೂ ಇಲ್ಲ. ಅದು ಗೊತ್ತಿದ್ದದ್ದು ಫಿಲ್ಮಿಗೆ ಮಾತ್ರ, ಫಿಲ್ಮು ಡಬ್ಬಿಯೊಳಗಿನ ಕತ್ತಲೆಯಲ್ಲಿತ್ತು.

ರೋಲನ್ನು ತೊಳೆಯಲು ಓಣಿಯ ಡ್ರೊಗೆರಿಗೆ, ಅಂದರೆ ಸೋಪು-ಶಾಂಪೂ ಮಾರುತ್ತ ಫಿಲ್ಮನ್ನೂ ತೊಳೆಸಿಕೊಡುವ ಅಂಗಡಿಗೆ ಕೊಟ್ಟ. ಬರಲು ವಾರ ಬೇಕು. ಆ ವಾರವೇ ಮಗುವಿಗೆ ಜ್ವರ ಬಂತು. ಇಲ್ಲಿಯ ಮಕ್ಕಳಿಗೆ ಅಕ್ಟೋಬರಿನಲ್ಲಿ ಜ್ವರ ಬರುವುದು ಎಲೆ ಉದುರುವಷ್ಟೇ ಸಹಜ. ಡಾಕ್ಟರೂ ನೀರು ಕುಡಿಸಿ, ಮಲಗಿಸಿ ಎಂದಷ್ಟೇ ಹೇಳಿದರು. ಆದರೆ ಪ್ರೋಗ್ರಾಮು ಎಲ್ಲಿ ಸಾಯುತ್ತದೆಂದು ಹುಡುಕುವವನಿಗೆ ಅಷ್ಟು ಸಾಕೇ? ಆಫೀಸಿಗೆ ರಜೆ ಹಾಕಿ ತೊಟ್ಟಿಲ ಪಕ್ಕ ಕಾವಲು ಕುಳಿತ. ನಿದ್ದೆಯಲ್ಲಿ ಮಗು ಸ್ವಲ್ಪ ಹೊತ್ತು ಮಿಸುಕದಿದ್ದರೆ ಅದರ ಹೆಬ್ಬೆರಳು ಹಿಡಿದು ಎಳೆಯುತ್ತಿದ್ದ. ಮಗು ಕಿರುಚಿ ಏಳುತ್ತಿತ್ತು, ಪವಿ ಬೈಯುತ್ತಿದ್ದಳು, ಅವನಿಗೆ ಸಮಾಧಾನವಾಗುತ್ತಿತ್ತು. ಔಷಧಿಗಿಂತ ಈ ಚಿಕಿತ್ಸೆಯಿಂದಲೇ ಜ್ವರ ಎರಡು ದಿನ ಹೆಚ್ಚು ನಿಂತಿತೆಂದು ನನ್ನ ಅಂದಾಜು.

ಫೋಟೋ ಬಂದ ಮೇಲೂ ತರಲು ಹೋಗಲಿಲ್ಲ. ಅಂಗಡಿಯ ಮುಂದೆ ಹಾಯಬೇಕಾದೀತೆಂದು ಟ್ರಾಮಿಗೆ ಸುತ್ತು ಬಳಸಿ ನಡೆಯುತ್ತಿದ್ದ. ಕೊನೆಗೆ ಪವಿಯೇ ತಂದಳು. ಅವನು ನನಗೆ ಫೋನ್ ಮಾಡಿ, ಲಕೋಟೆ ಮೇಜಿನ ಮೇಲಿದೆ, ನೀವು ಬಂದು ಮೊದಲು ನೋಡಿ ಎಂದು ಬೇಡಿಕೊಂಡ. ನಾನು ಹೋದಾಗ ಮಗು ಜ್ವರ ಬಿಟ್ಟು ಸುಸ್ತಾಗಿ ಸೋಫಾದ ಮೇಲೆ ಮಲಗಿತ್ತು. ಚನ್ನಮಲ್ಲಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಪವಿ ಲಕೋಟೆ ಆಗಲೇ ಒಡೆದಿದ್ದಳು.

ಎಲೆಗಳೆಲ್ಲ ಕರಗಿ ಹಳದಿ ಹೊಗೆಯಾಗಿದ್ದವು. ಆ ಹೊಗೆಯ ನಡುವೆ ಮಗು. ಟೋಪಿಯ ಉಣ್ಣೆಯ ಎಳೆ ಎಳೆಯೂ ಎಣಿಸುವಂತಿತ್ತು. ತುಟಿ ಮುಚ್ಚಿತ್ತು, ಕಣ್ಣು ತೆರೆದಿತ್ತು. ಎರಡು ವರ್ಷದ ಕೂಸು ಹಾಗೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಚೆನ್ನಾಗಿ ಬಂದಿದೆ ಎಂದುಬಿಟ್ಟೆ.

ಬಾಳಪ್ಪ ಅಂದು ಆಡಿದ್ದ ಅದೇ ಮಾತಿಗೆ ಅವನು ಕಿಟಕಿಯ ಬಳಿಯೇ ನೆಲಕ್ಕೆ ಕುಳಿತ. ಕಾಂತಮ್ಮನ ಕಥೆಯನ್ನು ಮೊದಲ ಬಾರಿಗೆ ಹೆಂಡತಿಗೆ ಹೇಳಿದ. ಬಾವಿಯವರೆಗೂ ಹೇಳಿದ. ಮುಗಿದ ಮೇಲೆ ಪವಿ ಫೋಟೋವನ್ನು ಕೈಗೆತ್ತಿಕೊಂಡು ಕೇಳಿದಳು:

"ಅವತ್ತ ಅಲ್ಲಿ ಅಲುಗಾಡಬ್ಯಾಡ್ರಿ ಅಂತ ಯಾರಿಗೆ ಹೇಳಿದ್ರಿ?"

"ಮರಕ್ಕ."

"ಮರಕ್ಕ ಕನ್ನಡ ಬರ್ತೈತೇನ್ರಿ? ಅಷ್ಟು ದೊಡ್ಡ ಅಡವ್ಯಾಗ ನಿಮ್ಮ ಮಾತು ತಿಳಿಯೋದು ಇದೊಂದ ಕೂಸಿಗೆ. ಅಪ್ಪ ಹೇಳ್ಯಾನ ಅಂತ ನಿಂತಾಳ. ಇಷ್ಟ ಐತಿ."

ಇಂಥ ಮಾತು ಹೊಳೆಯಲು ಟೆಸ್ಟಿಂಗ್ ಕಲಿತಿರಬೇಕಾಗಿಲ್ಲ. ನಾನಂತೂ ಅಲ್ಲಿಗೆ ಭೂತ ಬಿಟ್ಟಿತೆಂದು ನಿಟ್ಟುಸಿರಿಟ್ಟೆ. ಚನ್ನಮಲ್ಲಪ್ಪನೂ ಎದ್ದು ಬಂದು ಫೋಟೋ ನೋಡಿದ, ಮಗುವಿನ ತಲೆ ಸವರಿದ. ಸ್ವಲ್ಪ ಹೊತ್ತಿಗೆ ಅವನ ಕೈ ನಿಂತಿತು.

"ಹಂಗಾದ್ರ ಕಾಂತಮ್ಮಗೂ ಅಲುಗಾಡಬ್ಯಾಡ ಅಂದಾವ ನಾನ" ಎಂದ. "ಆಕಿ ಸಾಯಾಕ ಕುಂತಿರಲಿಲ್ಲ. ನಾ ಹೇಳಿದ್ದ ಕೇಳಿ ಕುಂತಿದ್ಲು. ಆಮ್ಯಾಲ ಆಕಿಗೆ ಮತ್ತ ಯಾರು ಏನು ಹೇಳಿದ್ರೋ, ಅದನ್ನೂ ಕೇಳಿದ್ಲು."

ಹದಿನಾಲ್ಕು ವರ್ಷ ಹೊತ್ತು ತಿರುಗಿದ ಭೂತ ಅವನನ್ನು ಬಿಟ್ಟಿರಲಿಲ್ಲ. ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿ ಕುಳಿತಿತ್ತು.

ಫೋಟೋ ದೀಪಾವಳಿಗೆ ಇಳಕಲ್ಲು ತಲುಪಿತು. ಮೊಮ್ಮಗಳು ಎಷ್ಟು ಹೇಳಿದ ಮಾತು ಕೇಳುವ ಕೂಸೆಂದು ಅಜ್ಜಿ ಓಣಿಗೆಲ್ಲ ತೋರಿಸಿದರಂತೆ. ಪವಿ ಅದನ್ನು ಫೋನಿನಲ್ಲಿ ಕೇಳಿ ಹಿಗ್ಗಿದಳು, ಗಂಡನಿಗೆ ಮಾತ್ರ ದಾಟಿಸಲಿಲ್ಲ.

ಆ ಮೇಲೆ ಅವನು ಮಗಳ ಫೋಟೋ ತೆಗೆಯತೊಡಗಿದ, ರೋಲುಗಟ್ಟಲೆ. ಓಡು, ಕುಣಿ, ನಿನಗೆ ಬೇಕಾದ್ದು ಮಾಡು ಎನ್ನುತ್ತಿದ್ದ. ಒಂದರಲ್ಲೂ ಮುಖ ನೆಟ್ಟಗೆ ಕಾಣುತ್ತಿರಲಿಲ್ಲ. ಕಿಂಡರ್‌ಗಾರ್ಟನ್ನಿಗೆ ಸೇರಿದ ಮೇಲೆ ಭೂಮಿಕಾ "ನೈನ್" ಎನ್ನುವುದನ್ನು ಕಲಿತಳು. ಜರ್ಮನ್ ಭಾಷೆಯಲ್ಲಿ 'ಇಲ್ಲ' ಎಂಬ ಆ ಒಂದು ಶಬ್ದಕ್ಕೆ ಅಷ್ಟು ಆದರದ ಸ್ವಾಗತ ನಮ್ಮವರ ಬೇರೆ ಯಾವ ಮನೆಯಲ್ಲೂ ಸಿಕ್ಕಿರಲಾರದು. ಹಾಲು ಕುಡಿ ಎಂದರೆ ನೈನ್, ಮಲಗು ಎಂದರೆ ನೈನ್. ಪವಿ ತಲೆ ಚಚ್ಚಿಕೊಂಡರೆ ಅಪ್ಪ ಬಹುಮಾನ ಬಂದವನಂತೆ ಬೀಗುತ್ತಿದ್ದ. ಕನ್ನಡ ಬಳಗದಲ್ಲೆಲ್ಲ ಅಷ್ಟು ಹಟಮಾರಿ ಮಗು ಇನ್ನೊಂದಿಲ್ಲವೆಂಬ ಕೀರ್ತಿ ಬಂತು. ಕೂಸನ್ನು ಕೆಡಿಸುತ್ತಿದ್ದಾನೆಂದು ಹಿರಿಯರು ಬುದ್ಧಿ ಹೇಳಿದರು. ಅವನು ತಲೆಯಾಡಿಸಿ ಕೇಳಿಸಿಕೊಂಡ.

ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮಗುವಿಗೆ ನಾಲ್ಕು ತುಂಬಿತ್ತು. ನನ್ನ ಹೆಂಡತಿ ಭಾನುಮತಿಗೆ ಈ ಇತಿಹಾಸವೊಂದೂ ಗೊತ್ತಿಲ್ಲ. ಪಾಯಸದ ಬಟ್ಟಲು ತರುವವರೆಗೆ ಜಾಣೆಯಂತೆ ಕೈಕಟ್ಟಿ ಕೂತಿರು ಪುಟ್ಟಿ, ಅಲುಗಾಡಬಾರದು ಎಂದು ಹೇಳಿ ಒಳಗೆ ಹೋದಳು. ಏನು ತೋಚಿತೋ, ಹುಡುಗಿ ಕೈಕಟ್ಟಿ ಕುಳಿತಳು. ಬೆನ್ನು ನೆಟ್ಟಗೆ, ತುಟಿ ಮುಚ್ಚಿ, ಕಣ್ಣು ಮಿಟುಕಿಸದೆ. ಅವ್ವ ಮಾತನಾಡಿಸಿದರೂ ಇಲ್ಲ. ಎಷ್ಟು ಚೆಂದ ಕೂತಿದ್ದಾಳೆ ಎಂದು ಯಾರೋ ಮೆಚ್ಚಿದರು.

ಚನ್ನಮಲ್ಲಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. ಅವಳನ್ನೇ ನೋಡಿದ. ಆಮೇಲೆ ಯಾರಿಗೂ ಕಾಣದಂತೆ ಎಡಗೈಯನ್ನು ಮೇಜಿನ ಕೆಳಗೆ ಇಳಿಸಿ ಅವಳ ತೊಡೆಯನ್ನು ಚಿವುಟಿದ.

"ನೈನ್!" ಎಂದು ಹುಡುಗಿ ಚೀರಿ ಅಪ್ಪನ ಕೈಗೆ ಫಟ್ಟನೆ ಹೊಡೆದಳು.

"ಹಾಂ" ಎಂದು ಅವನು ಊಟ ಮುಂದುವರಿಸಿದ.