ಮೇಲಕ್ಕ ತಿದ್ದಿದ ಒಂದು ಸಾಲು

ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ ಆಕೆಯನ್ನು ಎಲ್ಲರೂ ಮೇಲಕ್ಕ ಎಂದೇ ಕರೆಯುತ್ತಿದ್ದರು. "ಕೂತಿರೋದು ನೆಲಮಾಳಿಗೇಲಿ, ಹೆಸರು ಮಾತ್ರ ಮೇಲಕ್ಕ" ಎಂದು ಅವಳೇ ನಗುತ್ತಿದ್ದಳು. ಕಿಟಕಿಯಿಲ್ಲದ ಆ ಕೋಣೆಯ ಫ್ಯಾನುಗಳ ಸದ್ದಿಗೆ ಒಗ್ಗಿಹೋಗಿ, ಮನೆಯಲ್ಲೂ ಗಟ್ಟಿಯಾಗಿ ಮಾತಾಡಿ ಗಂಡನಿಂದ ಬೈಸಿಕೊಳ್ಳುತ್ತಿದ್ದಳು.

ಗಣಿತದ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಖಾತೆ ಮುಚ್ಚಲು ಕಚೇರಿಯಿಂದ ಸೂಚನೆ ಬಂತು. ಕೆಲಸ ಬಿಟ್ಟವರಿಗೂ ಸತ್ತವರಿಗೂ ನಿಯಮ ಒಂದೇ. ಮೇಲಕ್ಕ ಮುಚ್ಚಿದಳು.

ವಾರದೊಳಗೆ ಮೇಷ್ಟ್ರ ಹೆಂಡತಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು.

"ಇವರು ಹೋದ ಮೇಲೂ ಇವರ ಕಾಲೇಜಿನ ಮೇಲ್‌ಗೆ ಆಗಾಗ ಎರಡು ಸಾಲು ಬರೀತಿದ್ದೆ. ಉತ್ತರ ಬರಲ್ಲ ಅಂತ ಗೊತ್ತು. ಆದ್ರೆ ನಿನ್ನೆ ಬಂತಮ್ಮ" ಎಂದು ಫೋನ್ ಮುಂದೆ ಹಿಡಿದರು.

ಪರದೆಯ ಮೇಲಿತ್ತು: ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಮೇಲಕ್ಕ ಅವರನ್ನು ಕೂರಿಸಿದಳು. "ಇದು ಮನುಷ್ಯರು ಹೇಳಿದ್ದಲ್ಲ ಅಮ್ಮಾ. ನಿಮ್ಮ ಮೇಲ್ ಹೊತ್ತು ತಂದ ಸರ್ವರ್, ಇಂಥವರು ಇದ್ದಾರಾ ಅಂತ ನಮ್ಮ ಸರ್ವರನ್ನ ಕೇಳುತ್ತೆ. ಖಾತೆ ಇಲ್ಲದಿದ್ರೆ ಇದು ಇಲ್ಲ ಅನ್ನುತ್ತೆ."

"ಇಲ್ಲ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದ್ದರು ಅಂತಾದ್ರೂ ಹೇಳಬಾರದಾ? ಮೂವತ್ತು ವರ್ಷ ಇಲ್ಲೇ ಜೀವ ತೇಯ್ದರು."

ಅಂದು ಮಧ್ಯಾಹ್ನ ಮೇಲಕ್ಕ ಪ್ರಿನ್ಸಿಪಾಲರ ಮುಂದೆ ನಿಂತು ನಡೆದದ್ದು ಹೇಳಿದಳು.

"ಸತ್ತವರ ಖಾತೆ ಇಟ್ಟುಕೊಳ್ಳೋಕಾಗಲ್ಲ" ಎಂದರು ಅವರು.

"ಖಾತೆ ಬೇಡ ಸರ್. ಇಲ್ಲ ಅನ್ನೋ ಮಾತು ಬದಲಿಸ್ತೀನಿ ಅಷ್ಟೇ. ಆ ಉತ್ತರದಲ್ಲಿ ಮೊದಲು ಒಂದು ಅಂಕಿ ಇರುತ್ತೆ, ಅದು ಸರ್ವರಿಗೆ. ಅದರ ನಂತರದ ಮಾತು ಓದೋದು ಮನುಷ್ಯರು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವೇ ಬರೀರಿ. ನಾನು ಬರೆದರೆ ಸುತ್ತೋಲೆ ಆಗಿಬಿಡುತ್ತೆ."

ಸರ್ವರಿನ ಕಡತದಲ್ಲಿ ಅವಳು ಬರೆದು ಅಳಿಸಿ, ಮತ್ತೆ ಬರೆದಳು. ಯಂತ್ರಕ್ಕೆ ಆಜ್ಞೆ ಬರೆದು ಪಳಗಿದ ಕೈಗೆ ಸಾವಿನ ಮಾತು ಸುಲಭವಾಗಿ ದಕ್ಕಲಿಲ್ಲ. ಕೊನೆಗೆ ನಿಂತದ್ದು ಇಷ್ಟು: "ಇವರು ಮೂವತ್ತು ವರ್ಷ ಇಲ್ಲಿ ಗಣಿತ ಕಲಿಸಿದರು. ಈಗ ನಮ್ಮೊಂದಿಗಿಲ್ಲ. ನಿಮ್ಮ ಮಾತು ಅವರಿಗೆ ಮುಟ್ಟಲಾರದು, ಕ್ಷಮಿಸಿ."

ಮೇಷ್ಟ್ರ ಹೆಂಡತಿ ಮತ್ತೊಮ್ಮೆ ಬರೆದರು. ಈ ಉತ್ತರ ಬಂತು. ಓದಿ ಅತ್ತರಂತೆ. ಆಮೇಲೆ ಬರೆಯುವುದನ್ನು ಬಿಟ್ಟರು.

ಕೆಲವು ತಿಂಗಳ ನಂತರ ಅವರು ಪುನಃ ಮೆಟ್ಟಿಲಿಳಿದು ಬಂದಾಗ ಮೇಲಕ್ಕ ಗಡಬಡಿಸಿ ಎದ್ದುನಿಂತಳು.

"ಗಾಬರಿ ಬೇಡ" ಎಂದು ಅವರೇ ಕುರ್ಚಿ ಎಳೆದುಕೊಂಡರು. "ಇವರ ಹಳೇ ಶಿಷ್ಯನೊಬ್ಬ ಏನೋ ಲೆಕ್ಕ ಕೇಳೋಕೆ ಮೇಲ್ ಮಾಡಿದ್ದನಂತೆ. ನಿನ್ನ ಮಾತು ಓದಿ, ನನ್ನ ನಂಬರ್ ಹುಡುಕಿ ಫೋನ್ ಮಾಡಿದ. ಕ್ಲಾಸಲ್ಲಿ ಇವರು ಹಾಡ್ತಿದ್ರಂತೆ ಕಣಮ್ಮಾ. ಮನೇಲಿ ಒಂದು ದಿನಾನೂ ಗುನುಗಿದವರಲ್ಲ."

"ಏನು ಹಾಡ್ತಿದ್ರಂತೆ?"

"ಮಗ್ಗಿ" ಎಂದರು. ಕಣ್ಣೊರೆಸಿಕೊಂಡು, ಆ ಶಿಷ್ಯ ಫೋನಿನಲ್ಲಿ ಹಾಡಿ ತೋರಿಸಿದ ಹದಿಮೂರರ ಮಗ್ಗಿಯನ್ನು ಸಣ್ಣ ದನಿಯಲ್ಲಿ ಹೇಳತೊಡಗಿದರು.